ಅರವತ್ತಾರರ ಅಕ್ಕಯ್ಯನಿಗೆ ಇಪ್ಪತ್ತು ಪ್ರಶ್ನೆ: ಅಮೆರಿಕದ ಪೌರತ್ವ ಪರೀಕ್ಷೆಗೆ ಸಿದ್ಧರಾಗುವುದು ಹೇಗೆ?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬೆಳಗಿನ ಆರೂವರೆಗೆ ಫೋನು ಬಂದರೆ ಅದು ಅಕ್ಕಯ್ಯನದೇ. ಆ ಹೊತ್ತಿಗೆ ಅವಳಿರುವ ಟೆಕ್ಸಾಸ್‌ನಲ್ಲಿ ಹಿಂದಿನ ದಿನದ ರಾತ್ರಿ. ಮಗ, ಸೊಸೆ ಕೆಲಸ ಮುಗಿಸಿ ಬಂದು, ಮೊಮ್ಮಗನ ಊಟವೂ ಆಗಿ, ಅವಳಿಗೆ ಅರ್ಧ ಗಂಟೆ ಬಿಡುವು ಸಿಕ್ಕಿರುತ್ತದೆ. ಆ ಅರ್ಧ ಗಂಟೆಯಲ್ಲಿ ನಾನು ಪ್ರಶ್ನೆ ಕೇಳುತ್ತೇನೆ, ಅವಳು ಉತ್ತರ ಹೇಳುತ್ತಾಳೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನನಗೆ ಪ್ರಶ್ನೆ ಕೇಳುವುದು ಹೊಸತಲ್ಲ, ಆದರೆ ಈ ಪರೀಕ್ಷೆ ಹೊಸತು. ಆರು ವರ್ಷಗಳ ಹಿಂದೆ ಗ್ರೀನ್ ಕಾರ್ಡ್ ಪಡೆದ ಅಕ್ಕಯ್ಯ ಈಗ ಪೌರತ್ವಕ್ಕೆ ಅರ್ಜಿ ಹಾಕಿದ್ದಾಳೆ. ಅವಳಂತೆಯೇ ಮಕ್ಕಳ ಜೊತೆ ಇರಲು ಹೋದ ತಂದೆತಾಯಂದಿರು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಅನೇಕ ಮನೆಗಳಲ್ಲಿದ್ದಾರೆ.

ಈ ವಿಷಯ ಈಗ ಹೆಚ್ಚು ಮಾತಿಗೆ ಬರುತ್ತಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 20ರಂದು ಅಥವಾ ಆನಂತರ ಪೌರತ್ವಕ್ಕೆ ಅರ್ಜಿ ಸಲ್ಲಿಸಿದವರಿಗೆ ಅಮೆರಿಕ ಸರ್ಕಾರವು ಹಳೆಯ ಪರೀಕ್ಷೆಯ ಬದಲು ಹೊಸದೊಂದನ್ನು ಜಾರಿಗೆ ತಂದಿದೆ. ಹಿಂದೆ ಪರೀಕ್ಷೆ ಬರೆದವರು ಹೇಳುವ ಅನುಭವ, ಅವರು ಕೊಟ್ಟ ಪುಸ್ತಕ, ಮೊಬೈಲಿನಲ್ಲಿ ಇಳಿಸಿಕೊಂಡ ಹಳೆಯ ಆ್ಯಪ್ ಈಗ ಪೂರ್ತಿಯಾಗಿ ಹೊಂದುವುದಿಲ್ಲ. ಆದ್ದರಿಂದ ಈ ಪರೀಕ್ಷೆ ಏನು, ಅದನ್ನು ಹೇಗೆ ನಡೆಸುತ್ತಾರೆ, ಹೇಗೆ ಓದಿಕೊಳ್ಳಬೇಕು ಎಂಬುದನ್ನು ಮೊದಲಿನಿಂದ ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಪರೀಕ್ಷೆ ಬರುವುದು ಯಾವ ಹಂತದಲ್ಲಿ?

ಬೇರೆ ದೇಶದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಅರ್ಜಿ ಹಾಕಿ ಒಂದು ದೇಶದ ಪ್ರಜೆಯಾಗುವುದಕ್ಕೆ ದೇಶೀಕರಣ ಎನ್ನುತ್ತಾರೆ. ಅಮೆರಿಕದಲ್ಲಿ ಇದರ ಮೊದಲ ಮೆಟ್ಟಿಲು ಗ್ರೀನ್ ಕಾರ್ಡ್, ಅಂದರೆ ಖಾಯಂ ನಿವಾಸಿ ಎಂಬ ಸ್ಥಾನ. ಗ್ರೀನ್ ಕಾರ್ಡ್ ಇದ್ದವರು ಅಲ್ಲಿ ಇರಬಹುದು, ದುಡಿಯಬಹುದು, ಆದರೆ ಅವರು ಇನ್ನೂ ಭಾರತದ ಪ್ರಜೆಗಳೇ. ಅಲ್ಲಿನ ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಪಡೆದು 5 ವರ್ಷವಾದ ಮೇಲೆ, ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಅವರೊಂದಿಗೇ ಬಾಳುತ್ತಿರುವವರಾದರೆ 3 ವರ್ಷವಾದ ಮೇಲೆ, ಎನ್-400 ಎಂಬ ನಮೂನೆಯಲ್ಲಿ ಪೌರತ್ವಕ್ಕೆ ಅರ್ಜಿ ಹಾಕಬಹುದು.

ಅರ್ಜಿ ತಲುಪಿದ ಮೇಲೆ ಬೆರಳಚ್ಚು ಮತ್ತು ಭಾವಚಿತ್ರ ತೆಗೆದುಕೊಳ್ಳುತ್ತಾರೆ, ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ, ನಂತರ ಸಂದರ್ಶನಕ್ಕೆ ದಿನ ಗೊತ್ತುಮಾಡುತ್ತಾರೆ. ಪರೀಕ್ಷೆ ನಡೆಯುವುದು ಈ ಸಂದರ್ಶನದಲ್ಲೇ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಾಗೆ ಸಾಲಾಗಿ ಬೆಂಚು ಹಾಕಿ, ಪ್ರಶ್ನೆಪತ್ರಿಕೆ ಹಂಚಿ ನಡೆಸುವ ಪರೀಕ್ಷೆ ಇದಲ್ಲ. ಒಂದು ಕೊಠಡಿಯಲ್ಲಿ ಒಬ್ಬ ಅಧಿಕಾರಿ ಎದುರಿಗೆ ಕೂತು, ಅರ್ಜಿಯಲ್ಲಿ ಬರೆದದ್ದನ್ನು ಒಂದೊಂದಾಗಿ ಕೇಳುತ್ತಾ, ನಡುವೆ ಇಂಗ್ಲಿಷ್ ಓದಿಸಿ, ಬರೆಸಿ, ಆ ದೇಶದ ಇತಿಹಾಸ ಮತ್ತು ಸರ್ಕಾರದ ಬಗ್ಗೆ ಬಾಯಿಮಾತಿನಲ್ಲಿ ಪ್ರಶ್ನೆ ಕೇಳುತ್ತಾರೆ. ನಮ್ಮಲ್ಲಿ ವೈವಾ ಎನ್ನುತ್ತೇವಲ್ಲ, ಅದಕ್ಕೆ ಇದು ಹತ್ತಿರ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಓದುವ ಕ್ರಮವೇ ಬದಲಾಗುತ್ತದೆ: ಕಣ್ಣಿನಲ್ಲಿ ಓದಿ ತಿಳಿದುಕೊಂಡರೆ ಸಾಲದು, ಕಿವಿಗೆ ಬಿದ್ದ ಪ್ರಶ್ನೆಯನ್ನು ಗುರುತು ಹಿಡಿದು ಬಾಯಿಬಿಟ್ಟು ಉತ್ತರ ಹೇಳುವ ಅಭ್ಯಾಸ ಬೇಕು.

ವಯಸ್ಸಾದವರಿಗೆ ವಿನಾಯಿತಿ ಇದೆಯೇ?

ನಾನು ಅತಿ ಹೆಚ್ಚು ಕೇಳಿದ ತಪ್ಪು ತಿಳಿವಳಿಕೆ ಇದು. "65 ದಾಟಿದವರಿಗೆ ಇಂಗ್ಲಿಷ್ ಕೇಳುವುದಿಲ್ಲ, ಕನ್ನಡದಲ್ಲೇ ಹೇಳಬಹುದು, ಇಪ್ಪತ್ತೇ ಪ್ರಶ್ನೆ ಓದಿಕೊಂಡರೆ ಸಾಕು" ಎಂದು ಅಕ್ಕಯ್ಯನಿಗೂ ಯಾರೋ ಹೇಳಿದ್ದರು. ಆ ಮಾತು ಅರ್ಧ ಮಾತ್ರ ನಿಜ. ವಿನಾಯಿತಿ ವಯಸ್ಸೊಂದರ ಮೇಲೆ ಸಿಗುವುದಿಲ್ಲ. ವಯಸ್ಸಿನ ಜೊತೆಗೆ ಖಾಯಂ ನಿವಾಸಿಯಾಗಿ ಎಷ್ಟು ವರ್ಷ ಕಳೆದಿದ್ದಾರೆ ಎಂಬ ಲೆಕ್ಕವೂ ಕೂಡಬೇಕು.

50 ವರ್ಷ ವಯಸ್ಸಾಗಿ 20 ವರ್ಷ ಖಾಯಂ ನಿವಾಸಿಯಾಗಿದ್ದವರಿಗೆ, ಅಥವಾ 55 ವರ್ಷ ವಯಸ್ಸಾಗಿ 15 ವರ್ಷ ಖಾಯಂ ನಿವಾಸಿಯಾಗಿದ್ದವರಿಗೆ, ಇಂಗ್ಲಿಷ್ ಭಾಗದಿಂದ ವಿನಾಯಿತಿ ಇದೆ. ಅಂಥವರು ದುಭಾಷಿಯನ್ನು ಕರೆದುಕೊಂಡು ಹೋಗಿ ಇತಿಹಾಸ ಮತ್ತು ಸರ್ಕಾರದ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಕೊಡಬಹುದು. 65 ವರ್ಷ ವಯಸ್ಸಾಗಿ 20 ವರ್ಷ ಖಾಯಂ ನಿವಾಸಿಯಾಗಿದ್ದವರಿಗೆ ಇನ್ನೂ ಹಗುರ: ಗುರುತು ಹಾಕಿಟ್ಟ 20 ಪ್ರಶ್ನೆಗಳಲ್ಲಿ 10 ಕೇಳುತ್ತಾರೆ, 6ಕ್ಕೆ ಸರಿಯುತ್ತರ ಬಂದರೆ ಸಾಕು. ಆದರೆ ಮಕ್ಕಳು ಅಲ್ಲಿ ನೆಲೆ ನಿಂತ ಮೇಲೆ, ಅರವತ್ತರ ಆಸುಪಾಸಿನಲ್ಲಿ ಗ್ರೀನ್ ಕಾರ್ಡ್ ಪಡೆದು ಹೋದ ನಮ್ಮ ಕಡೆಯ ಹಿರಿಯರಿಗೆ ಈ ವರ್ಷಗಳ ಲೆಕ್ಕ ಕೂಡುವುದಿಲ್ಲ. ಅಕ್ಕಯ್ಯನಿಗೆ 66, ಗ್ರೀನ್ ಕಾರ್ಡಿಗೆ 6. ಅವಳು ಇಪ್ಪತ್ತೈದರ ಹುಡುಗ ಬರೆಯುವ ಪರೀಕ್ಷೆಯನ್ನೇ, ಪೂರ್ತಿಯಾಗಿ, ಇಂಗ್ಲಿಷಿನಲ್ಲೇ ಎದುರಿಸಬೇಕು.

ಮರೆವಿನ ಕಾಯಿಲೆ ಅಥವಾ ಕಲಿಯಲು ಅಡ್ಡಿಯಾಗುವ ಬೇರೆ ದೈಹಿಕ, ಮಾನಸಿಕ ತೊಂದರೆ ಇರುವವರಿಗೆ ಎನ್-648 ಎಂಬ ಪ್ರತ್ಯೇಕ ನಮೂನೆ ಇದೆ. ಅದನ್ನು ವೈದ್ಯರು ತುಂಬಿ, ತೊಂದರೆ ಏನು, ಅದು ಕಲಿಕೆಗೆ ಹೇಗೆ ಅಡ್ಡಿಯಾಗುತ್ತದೆ ಎಂದು ವಿವರಿಸಬೇಕು. ಬರೀ ವಯಸ್ಸಾಗಿದೆ ಎಂಬುದು ಅದಕ್ಕೆ ಕಾರಣವಾಗುವುದಿಲ್ಲ.

ಹಳೆಯ ಲೆಕ್ಕ, ಹೊಸ ಲೆಕ್ಕ

2008ರಿಂದ ನಡೆದುಬಂದ ಪರೀಕ್ಷೆಯಲ್ಲಿ ಒಟ್ಟು 100 ಪ್ರಶ್ನೆಗಳ ಪಟ್ಟಿ ಇತ್ತು. ಅದರಿಂದ 10 ಪ್ರಶ್ನೆ ಕೇಳುತ್ತಿದ್ದರು, 6 ಸರಿಯಾದರೆ ತೇರ್ಗಡೆ. ಹೊಸ ಪರೀಕ್ಷೆಯಲ್ಲಿ ಪಟ್ಟಿ 128 ಪ್ರಶ್ನೆಗಳದು. ಅದರಿಂದ 20 ಕೇಳಬಹುದು, 12ಕ್ಕೆ ಸರಿಯುತ್ತರ ಬರಬೇಕು. 12 ಸರಿಯಾದ ಕೂಡಲೇ ಅಧಿಕಾರಿ ನಿಲ್ಲಿಸುತ್ತಾರೆ. 9 ತಪ್ಪಾದರೂ ಅಲ್ಲಿಗೇ ನಿಲ್ಲಿಸುತ್ತಾರೆ. ಶೇಕಡಾವಾರು ನೋಡಿದರೆ ಎರಡರಲ್ಲೂ ಬೇಕಾದ್ದು 60. ಹಾಗಿದ್ದರೆ ಕಷ್ಟವಾದದ್ದು ಎಲ್ಲಿ ಎಂದರೆ, ಹೆಚ್ಚು ಹೊತ್ತು ಗಮನವಿಟ್ಟು ಕೇಳಿಸಿಕೊಳ್ಳಬೇಕು, ಮತ್ತು ಕೆಲವು ಪ್ರಶ್ನೆಗಳಿಗೆ ಒಂದರ ಬದಲು ಎರಡು, ಮೂರು ಉತ್ತರ ಹೇಳಬೇಕು. ಅಮೆರಿಕದ ಮೂಲ 13 ರಾಜ್ಯಗಳಲ್ಲಿ ಐದನ್ನು ಹೆಸರಿಸಿ ಎನ್ನುವ ಪ್ರಶ್ನೆ ಅಂಥದ್ದು. ಹಳೆಯ ಪಟ್ಟಿಯಲ್ಲಿ ಮೂರು ಹೇಳಿದರೆ ಸಾಕಿತ್ತು.

ಸಮಾಧಾನದ ಸಂಗತಿಯೆಂದರೆ, ಎಲ್ಲ 128 ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಅಮೆರಿಕದ ಪೌರತ್ವ ಮತ್ತು ವಲಸೆ ಇಲಾಖೆ ತಾನೇ ಉಚಿತವಾಗಿ ಪ್ರಕಟಿಸಿದೆ. ಪಟ್ಟಿಯ ಹೊರಗಿನಿಂದ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಹಣ ಕೊಟ್ಟು ಯಾವುದೇ ಪುಸ್ತಕ ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ನೂರಿಪ್ಪತ್ತೆಂಟನ್ನು ಹಿಡಿತಕ್ಕೆ ತರುವುದು

ಮೊದಲ ತಿಂಗಳು ಅಕ್ಕಯ್ಯ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಕ್ರಮವಾಗಿ ಕೇಳಿದರೆ ನಲವತ್ತರವರೆಗೂ ತಡವರಿಸದೆ ಹೇಳುತ್ತಿದ್ದಳು; ನಡುವಿನಿಂದ ಒಂದನ್ನು ಎತ್ತಿ ಕೇಳಿದರೆ ನಿಂತುಬಿಡುತ್ತಿದ್ದಳು. "ಅಲ್ಲ ಕಣೇ, ಅದರ ಹಿಂದಿನದನ್ನು ಹೇಳು, ಆಗ ನೆನಪಾಗುತ್ತೆ" ಎನ್ನುತ್ತಿದ್ದಳು. ಶಾಲೆಯಲ್ಲಿ ಮೂವತ್ತು ವರ್ಷ ನಾನು ಕಂಡದ್ದೂ ಇದನ್ನೇ. ಬಿಡಿ ಬಿಡಿಯಾದ ಉತ್ತರ ಕಾಳುಮೆಣಸಿನ ಹಾಗೆ ಉದುರಿ ಹೋಗುತ್ತದೆ. ಒಂದು ದಾರಕ್ಕೆ ಪೋಣಿಸಿದರೆ ನಿಲ್ಲುತ್ತದೆ. ಹಾಗಾಗಿ ಪಟ್ಟಿಯನ್ನು ಬದಿಗಿಟ್ಟು, ನಮಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋದೆವು.

ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಅಲ್ಲಿನ ಸರ್ಕಾರದ ಬಗ್ಗೆ ಇವೆ. ಇದು ನಮಗೆ ಅನುಕೂಲ, ಏಕೆಂದರೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಅಂಗಗಳನ್ನು ಎಂಟನೆಯ ತರಗತಿಯಲ್ಲೇ ಓದಿದ್ದೇವೆ. ಅಲ್ಲಿ ಶಾಸಕಾಂಗದ ಹೆಸರು ಕಾಂಗ್ರೆಸ್. ನಮ್ಮಲ್ಲಿ ಅದು ಪಕ್ಷದ ಹೆಸರಾದ್ದರಿಂದ ಮೊದಮೊದಲು ಗೊಂದಲವಾಗುವುದು ಸಹಜ. "ಕಾಂಗ್ರೆಸ್ ಎಂದರೆ ಅವರ ಸಂಸತ್ತು" ಎಂದು ಒಮ್ಮೆ ಗಟ್ಟಿಮಾಡಿಕೊಂಡರೆ ಹತ್ತಾರು ಪ್ರಶ್ನೆಗಳು ತಿಳಿಯಾಗುತ್ತವೆ. ಅದರಲ್ಲಿ ನಮ್ಮ ಲೋಕಸಭೆ, ರಾಜ್ಯಸಭೆಗಳಂತೆ ಎರಡು ಸದನಗಳಿವೆ. ಕೆಳಮನೆಯಲ್ಲಿ ಮತದ ಹಕ್ಕುಳ್ಳ 435 ಸದಸ್ಯರು, ಅವರ ಅವಧಿ 2 ವರ್ಷ. ಜನಸಂಖ್ಯೆ ಹೆಚ್ಚಿದ್ದ ರಾಜ್ಯಕ್ಕೆ ಹೆಚ್ಚು ಸ್ಥಾನ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಇದ್ದಂತೆ ಟೆಕ್ಸಾಸ್‌ಗೆ 38. ಮೇಲ್ಮನೆಯಾದ ಸೆನೆಟ್‌ನಲ್ಲಿ 100 ಸದಸ್ಯರು, ಅವಧಿ 6 ವರ್ಷ. ಇಲ್ಲಿ ನಮ್ಮ ರಾಜ್ಯಸಭೆಗೂ ಅದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಸಿಕ್ಕಿಮ್‌ಗೆ 1. ಸೆನೆಟ್‌ನಲ್ಲಿ ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಇಬ್ಬರು. ರಾಜ್ಯಗಳು 50 ಎಂದು ಗೊತ್ತಿದ್ದರೆ ಸೆನೆಟರುಗಳು 100 ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಧ್ವಜದಲ್ಲಿ 50 ನಕ್ಷತ್ರ ಏಕೆ ಎಂಬ ಪ್ರಶ್ನೆಗೂ ಅದೇ ಉತ್ತರ. ಅದರಲ್ಲಿ 13 ಪಟ್ಟೆಗಳು ಏಕೆ ಎಂದರೆ ಮೊದಲಿಗಿದ್ದ ವಸಾಹತುಗಳು 13.

ಕಾರ್ಯಾಂಗದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ರಾಷ್ಟ್ರಪತಿಯ ಹೆಸರಿನಲ್ಲಿ ಆಡಳಿತ ನಡೆದರೂ ನಿಜವಾಗಿ ನಡೆಸುವವರು ಪ್ರಧಾನಮಂತ್ರಿ. ಅವರು ಸಂಸತ್ತಿನ ಸದಸ್ಯರೂ ಹೌದು. ಅಲ್ಲಿ ಅಧ್ಯಕ್ಷರು ಕಾಂಗ್ರೆಸ್‌ನ ಸದಸ್ಯರಲ್ಲ, ಪ್ರತ್ಯೇಕವಾಗಿ 4 ವರ್ಷಕ್ಕೆ ಆಯ್ಕೆಯಾಗುತ್ತಾರೆ, ಸೇನೆಯ ಮಹಾದಂಡನಾಯಕರೂ ಅವರೇ. ಮಸೂದೆಗೆ ಸಹಿ ಹಾಕಿ ಕಾನೂನು ಮಾಡುವವರೂ, ವೀಟೋ ಮಾಡಿ ತಡೆಯುವವರೂ ಅವರೇ. ಒಂದು ಅಂಗ ಇನ್ನೊಂದು ಅಂಗಕ್ಕೆ ಕಡಿವಾಣ ಹಾಕುವ ಈ ಏರ್ಪಾಡಿಗೆ ಅವರು "ಚೆಕ್ಸ್ ಆ್ಯಂಡ್ ಬ್ಯಾಲೆನ್ಸಸ್" ಎನ್ನುತ್ತಾರೆ. ಆ ಮಾತನ್ನು ಹಾಗೆಯೇ ಬಾಯಿಗೆ ತಂದುಕೊಳ್ಳಬೇಕು.

ಕೇಂದ್ರಕ್ಕೆ ಯಾವ ಅಧಿಕಾರ, ರಾಜ್ಯಕ್ಕೆ ಯಾವ ಅಧಿಕಾರ ಎಂಬ ಪ್ರಶ್ನೆಗಳಿಗೆ ನಮ್ಮ ಸಂವಿಧಾನದ ಏಳನೆಯ ಅನುಸೂಚಿ ನೆನಪಾದರೆ ಸಾಕು. ಅಲ್ಲಿ ನೋಟು ಮುದ್ರಣ, ಯುದ್ಧ ಘೋಷಣೆ, ಸೇನೆ, ಹೊರದೇಶಗಳೊಂದಿಗಿನ ಒಪ್ಪಂದ ಕೇಂದ್ರದ್ದು. ಶಾಲೆ, ಪೊಲೀಸು, ಡ್ರೈವಿಂಗ್ ಲೈಸೆನ್ಸು ರಾಜ್ಯದ್ದು. ಸಂವಿಧಾನದ ಆರಂಭದ ಮೂರು ಪದ "ವಿ ದ ಪೀಪಲ್"; ನಮ್ಮ ಪೀಠಿಕೆಯೂ ಜನರ ಹೆಸರಿನಲ್ಲೇ ಆರಂಭವಾಗುತ್ತದೆ. ಅವರ ಸಂವಿಧಾನ ರಚನೆಯಾದದ್ದು 1787ರಲ್ಲಿ, ಅದಕ್ಕೆ ಆಗಿರುವ ತಿದ್ದುಪಡಿ 27, ಮೊದಲ ಹತ್ತಕ್ಕೆ ಹಕ್ಕುಗಳ ಮಸೂದೆ ಎಂದು ಹೆಸರು. ಅದರ ಮುಂದೆ 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನಕ್ಕೆ ನೂರಕ್ಕೂ ಹೆಚ್ಚು ತಿದ್ದುಪಡಿಗಳಾಗಿವೆ ಎಂಬುದನ್ನು ಹೋಲಿಸಿದಾಗ ಅಕ್ಕಯ್ಯನಿಗೆ 27 ಎಂಬ ಅಂಕಿ ಮರೆಯದೆ ನಿಂತಿತು.

ಇತಿಹಾಸದ ಭಾಗದಲ್ಲಿ ಅವಳು ಬಹಳ ದಿನ ಸೋತದ್ದು ಒಂದೇ ಪ್ರಶ್ನೆಯ ಮುಂದೆ: ವಸಾಹತಿನ ಜನ ಬ್ರಿಟಿಷರಿಂದ ಏಕೆ ಬಿಡುಗಡೆ ಬಯಸಿದರು? ಪಟ್ಟಿಯ ಉತ್ತರಗಳಲ್ಲಿ ಒಂದು, ಪ್ರಾತಿನಿಧ್ಯವಿಲ್ಲದೆ ಹೇರಿದ ತೆರಿಗೆ. "ಟ್ಯಾಕ್ಸೇಶನ್ ವಿದೌಟ್ ರೆಪ್ರೆಸೆಂಟೇಶನ್" ಎಂಬ ಉದ್ದದ ಮಾತು ಅವಳ ನಾಲಿಗೆಗೆ ಹತ್ತಲೇ ಇಲ್ಲ. ಕೊನೆಗೆ ನಾನು ಶಿಕಾರಿಪುರ ತಾಲ್ಲೂಕಿನ ಈಸೂರನ್ನು ನೆನಪಿಸಿದೆ. 1942ರಲ್ಲಿ ಆ ಊರಿನ ಜನ ತಮ್ಮ ಹಳ್ಳಿಯನ್ನೇ ಸ್ವತಂತ್ರವೆಂದು ಸಾರಿ, "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ನಿಂತ ಕಥೆಯನ್ನು ನಮ್ಮ ತಂದೆ ನಮಗಿಬ್ಬರಿಗೂ ಹೇಳುತ್ತಿದ್ದರು. ನಮ್ಮ ಮಾತನ್ನು ಕೇಳದವರು ನಮ್ಮಿಂದ ಕಂದಾಯ ಕೇಳುವ ಹಾಗಿಲ್ಲ, ಅಷ್ಟೇ ವಿಷಯ ಎಂದಾಗ ಅವಳು ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ಹೈ ಟ್ಯಾಕ್ಸಸ್ ಅಂದರೆ ಸಾಕಲ್ವೇನೇ?" ಎಂದಳು. ಸಾಕು. ಆ ಉತ್ತರವೂ ಪಟ್ಟಿಯಲ್ಲಿದೆ.

ಇದರಿಂದ ಕಲಿಯಬೇಕಾದ ಉಪಾಯವೊಂದಿದೆ. ಎಷ್ಟೋ ಪ್ರಶ್ನೆಗಳಿಗೆ ಪಟ್ಟಿಯಲ್ಲಿ ನಾಲ್ಕೈದು ಉತ್ತರಗಳಿರುತ್ತವೆ, ಹೇಳಬೇಕಾದದ್ದು ಒಂದೋ ಎರಡೋ. ಎಲ್ಲವನ್ನೂ ಕಲಿಯಲು ಹೊರಟರೆ ತಲೆ ತುಂಬಿ ತುಳುಕುತ್ತದೆ. ಉಚ್ಚರಿಸಲು ಸುಲಭವಾದ, ಚಿಕ್ಕದಾದ ಉತ್ತರವನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಬೇಕು. ಸ್ವಾತಂತ್ರ್ಯ ದೇವಿಯ ಪ್ರತಿಮೆ ಎಲ್ಲಿದೆ ಎಂದರೆ ನ್ಯೂಯಾರ್ಕ್ ಹಾರ್ಬರ್ ಎಂದರೂ ಸರಿ, ಲಿಬರ್ಟಿ ಐಲ್ಯಾಂಡ್ ಎಂದರೂ ಸರಿ. ನಾಲಿಗೆಗೆ ಯಾವುದು ಒಗ್ಗುತ್ತದೋ ಅದು.

ಕೆಲವು ಉತ್ತರಗಳು ಮಾತ್ರ ಕಾಲಕ್ಕೆ ತಕ್ಕಂತೆ, ಊರಿಗೆ ತಕ್ಕಂತೆ ಬದಲಾಗುತ್ತವೆ. ಈಗಿನ ಅಧ್ಯಕ್ಷರು, ಉಪಾಧ್ಯಕ್ಷರು, ಕೆಳಮನೆಯ ಸ್ಪೀಕರ್, ತಮ್ಮ ರಾಜ್ಯದ ಗವರ್ನರ್, ತಮ್ಮ ಸೆನೆಟರುಗಳಲ್ಲಿ ಒಬ್ಬರು ಯಾರು ಎಂಬುದನ್ನು ಸಂದರ್ಶನದ ಹಿಂದಿನ ವಾರ ಮತ್ತೊಮ್ಮೆ ನೋಡಿಕೊಳ್ಳಬೇಕು. ಅರ್ಜಿ ಹಾಕಿದ ದಿನ ಯಾರಿದ್ದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕವಾದವರಲ್ಲ, ಜನರು ಚುನಾಯಿಸಿದವರು. ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ರಾಜ್ಯದ ರಾಜಧಾನಿಯನ್ನೂ ಕೇಳುತ್ತಾರೆ. ಟೆಕ್ಸಾಸ್‌ನ ರಾಜಧಾನಿ ಮಗನಿರುವ ಡಲ್ಲಾಸ್ ಅಲ್ಲ, ಆಸ್ಟಿನ್ ಎಂಬುದನ್ನು ಅಕ್ಕಯ್ಯ ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿದ್ದಾಳೆ.

ಇಂಗ್ಲಿಷ್: ಓದು, ಬರಹ, ಮಾತು

ಓದುವ ಪರೀಕ್ಷೆಯಲ್ಲಿ ಗರಿಷ್ಠ ಮೂರು ವಾಕ್ಯ ತೋರಿಸುತ್ತಾರೆ, ಒಂದನ್ನು ಅರ್ಥವಾಗುವಂತೆ ಓದಿದರೆ ಸಾಕು. ಬರೆಯುವ ಪರೀಕ್ಷೆಯಲ್ಲಿ ಮೂರು ವಾಕ್ಯದವರೆಗೆ ಹೇಳುತ್ತಾರೆ, ಒಂದನ್ನು ಸರಿಯಾಗಿ ಬರೆದರೆ ಸಾಕು. ಈ ವಾಕ್ಯಗಳಲ್ಲಿ ಬರುವ ಪದಗಳ ಪಟ್ಟಿಯನ್ನೂ ಇಲಾಖೆ ಪ್ರಕಟಿಸಿದೆ: ವಾಷಿಂಗ್ಟನ್, ಲಿಂಕನ್, ಪ್ರೆಸಿಡೆಂಟ್, ಸಿಟಿಜನ್ಸ್, ವೋಟ್, ಫೆಬ್ರವರಿ, ಥ್ಯಾಂಕ್ಸ್‌ಗಿವಿಂಗ್ ಇಂಥವು. ಉಚ್ಚಾರಣೆಯಲ್ಲಿ ನಮ್ಮೂರ ಛಾಯೆ ಇದೆಯೆಂದು, ಅರ್ಥಕ್ಕೆ ಅಡ್ಡಿಯಾಗದ ಸಣ್ಣ ಕಾಗುಣಿತದ ತಪ್ಪಾಯಿತೆಂದು ಫೇಲು ಮಾಡುವುದಿಲ್ಲ. ಆದರೆ ಹೇಳಿದ ಪದವನ್ನು ಸಂಕ್ಷಿಪ್ತ ಮಾಡಿ ಬರೆಯಬಾರದು, ಹೇಳಿದ್ದನ್ನು ಬಿಟ್ಟು ಬೇರೆ ವಾಕ್ಯ ಬರೆಯಬಾರದು.

ಕನ್ನಡಿಗರಿಗೆ ಇಲ್ಲಿ ಎದುರಾಗುವ ತೊಡಕು ನಮ್ಮ "ವ" ಅಕ್ಷರದ್ದು. ಇಂಗ್ಲಿಷಿನ ಎರಡು ಬೇರೆ ಬೇರೆ ಅಕ್ಷರಗಳಿಗೆ ನಮ್ಮ ಕಿವಿಯಲ್ಲಿ ಇರುವುದು ಒಂದೇ "ವ". ವಾಷಿಂಗ್ಟನ್‌ನ "ವಾ", ವೋಟ್‌ನ "ವೋ" ನಮಗೆ ಒಂದೇ ಬಳ್ಳಿಯವು. ಬರೆಯುವಾಗ ಅವು ಬೇರೆಯಾಗುತ್ತವೆ. ಅಕ್ಕಯ್ಯ ಒಂದು ವಾರ ಬರೀ "ವ" ಪದಗಳನ್ನೇ ಎರಡು ಕಾಲಮ್ಮು ಮಾಡಿ ಬರೆದಳು. ಫೆಬ್ರವರಿಯ ನಡುವಿನ "ಆರ್" ಅಕ್ಷರ ಅವಳ ಕೈಯಿಂದ ಇನ್ನೂ ಒಮ್ಮೊಮ್ಮೆ ತಪ್ಪಿಸಿಕೊಳ್ಳುತ್ತದೆ.

ಮಾತಿನ ಪರೀಕ್ಷೆಗೆ ಬೇರೆ ಪ್ರಶ್ನೆ ಇರುವುದಿಲ್ಲ. ಅರ್ಜಿಯ ಬಗ್ಗೆ ಅಧಿಕಾರಿ ಕೇಳುವುದಕ್ಕೆ ಕೊಡುವ ಉತ್ತರವೇ ಪರೀಕ್ಷೆ. ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳಿ" ಎಂದು ಕೇಳಬಹುದು, ಅದು ತಪ್ಪಲ್ಲ. ಅರ್ಥವಾಗದೆಯೇ "ಎಸ್" ಎನ್ನುವುದು ತಪ್ಪು. ವೀಡಿಯೊ ಕರೆಯಲ್ಲಿ ಒಂದು ದಿನ ನಾನು ಅಣಕು ಸಂದರ್ಶನ ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತ ಹನ್ನೊಂದರ ಮೊಮ್ಮಗ, "ಅಜ್ಜಿ, ನೀವು ಎಸ್ ಹೇಳ್ತಿದ್ದೀರೋ ನೋ ಹೇಳ್ತಿದ್ದೀರೋ ಗೊತ್ತಾಗ್ತಿಲ್ಲ" ಎಂದ. ಅಕ್ಕಯ್ಯ ಬಾಯಿ ತೆರೆಯದೆ, ನಮ್ಮ ಕಡೆ ಒಪ್ಪಿಗೆಗೆ ಮಾಡುವಂತೆ ತಲೆಯನ್ನು ಆಚೀಚೆ ಓಲಿಸಿದ್ದಳು. ನನಗೆ ಅದು ಸ್ಪಷ್ಟ "ಹೌದು". ಅಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಅದು "ಇಲ್ಲ"ದ ಹಾಗೆ ಕಂಡಿತ್ತು. ಅಂದಿನಿಂದ ಪ್ರತಿ ಉತ್ತರವನ್ನೂ ಬಾಯಿಬಿಟ್ಟು ಹೇಳುವುದೆಂದು ಗೊತ್ತು ಮಾಡಿಕೊಂಡೆವು.

ಅರ್ಜಿಯೇ ಅರ್ಧ ಪರೀಕ್ಷೆ

ನನ್ನ ತಿಳಿವಳಿಕೆಯಲ್ಲಿ ಸಿದ್ಧತೆಯ ಹೆಚ್ಚಿನ ಹೊತ್ತು ಸಲ್ಲಬೇಕಾದದ್ದು ಇಲ್ಲಿಗೆ. ಹೆಚ್ಚಿನವರು ಅತಿ ಕಡಿಮೆ ಹೊತ್ತು ಕೊಡುವುದೂ ಇದಕ್ಕೇ. ಎನ್-400 ಅರ್ಜಿಯನ್ನು ಸಾಮಾನ್ಯವಾಗಿ ಮಕ್ಕಳು ತುಂಬುತ್ತಾರೆ, ತಂದೆತಾಯಿ ಸಹಿ ಹಾಕುತ್ತಾರೆ. ಆದರೆ ಅಧಿಕಾರಿಯ ಎದುರು ಅದಕ್ಕೆ ಉತ್ತರ ಹೇಳಬೇಕಾದವರು ಸಹಿ ಹಾಕಿದವರು. ಹೆಸರು, ವಿಳಾಸ, ಮದುವೆ, ಮಕ್ಕಳು, ಕೆಲಸ, ಕಳೆದ ಐದು ವರ್ಷಗಳ ಹೊರದೇಶ ಪ್ರಯಾಣ ಎಲ್ಲವೂ ಅದರಲ್ಲಿರುತ್ತದೆ. ಕೊನೆಗೆ "ನೀವು ಎಂದಾದರೂ" ಎಂದು ಆರಂಭವಾಗುವ ಉದ್ದನೆಯ ಪ್ರಶ್ನೆಗಳ ಸರಣಿ ಬರುತ್ತದೆ: ಎಂದಾದರೂ ಬಂಧನವಾಗಿದೆಯೇ, ತೆರಿಗೆ ಕಟ್ಟದೆ ಬಿಟ್ಟಿದ್ದೀರಾ, ಯಾರನ್ನಾದರೂ ಧರ್ಮ ಅಥವಾ ಜನಾಂಗದ ಕಾರಣಕ್ಕೆ ಹಿಂಸಿಸಿದ್ದೀರಾ, ನಾನು ಅಮೆರಿಕದ ಪ್ರಜೆ ಎಂದು ಸುಳ್ಳು ಹೇಳಿದ್ದೀರಾ. ಉತ್ತರ "ಇಲ್ಲ" ಎಂದೇ ಇರಬಹುದು, ಆದರೆ "ಪರ್ಸಿಕ್ಯೂಟ್ ಎಂದರೆ ಏನು?", "ಓತ್ ಎಂದರೆ ಏನು?" ಎಂದು ಅಧಿಕಾರಿ ಅರ್ಥ ಕೇಳಿದರೆ ಸರಳವಾದ ಇಂಗ್ಲಿಷಿನಲ್ಲಿ ಹೇಳಲು ಬರಬೇಕು. ಅಕ್ಕಯ್ಯ ಇಂಥ ಪದಗಳಿಗೆಂದೇ ಒಂದು ನೋಟು ಪುಸ್ತಕ ಇಟ್ಟಿದ್ದಾಳೆ. ಎಡಗಡೆ ಕನ್ನಡ ಲಿಪಿಯಲ್ಲಿ ಪದ, ಬಲಗಡೆ ಕನ್ನಡದಲ್ಲಿ ಅರ್ಥ, ಕೆಳಗೆ ಮೂರ್ನಾಲ್ಕು ಮಾತಿನ ಇಂಗ್ಲಿಷ್ ವಿವರಣೆ. ಓತ್ ಎಂಬುದರ ಕೆಳಗೆ "ಪ್ರಾಮಿಸ್ ಟು ಟೆಲ್ ಟ್ರೂತ್" ಎಂದಿದೆ.

ಪ್ರಯಾಣದ ದಿನಾಂಕಗಳಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು, ಅಲ್ಲಿ ತಿಂಗಳನ್ನು ಮೊದಲು, ದಿನವನ್ನು ನಂತರ ಬರೆಯುತ್ತಾರೆ. ನಮ್ಮ 5-11 ಅಲ್ಲಿ ಮೇ 11 ಆಗಿಬಿಡುತ್ತದೆ. ಎರಡನೆಯದು ಇನ್ನೂ ದೊಡ್ಡದು, ಅದು ಮಲೆನಾಡಿನವರಿಗೆ ವಿಶೇಷವಾಗಿ ತಟ್ಟುವಂಥದ್ದು. ಅರ್ಜಿಯ ಹಿಂದಿನ 5 ವರ್ಷಗಳಲ್ಲಿ ಒಟ್ಟು 30 ತಿಂಗಳಾದರೂ ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಅದರ ಜೊತೆಗೆ ವಾಸ ನಿರಂತರವಾಗಿಯೂ ಇರಬೇಕು. ಒಂದೇ ಪ್ರಯಾಣದಲ್ಲಿ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿರಂತರತೆ ಮುರಿದಿದೆ ಎಂದೇ ಮೊದಲು ಭಾವಿಸುತ್ತಾರೆ, ಮುರಿದಿಲ್ಲ ಎಂದು ಅರ್ಜಿದಾರರು ಸಾಕ್ಷ್ಯ ಕೊಡಬೇಕು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಅದು ಮುರಿದೇ ಹೋಗುತ್ತದೆ. ದೀಪಾವಳಿಗೆ ಊರಿಗೆ ಬಂದು, ಕೊನೆ ಕೊಯ್ಲು ಮುಗಿಸಿ, ಅಡಿಕೆ ಸುಲಿಸಿ ಬೇಯಿಸಿ ಒಣಗಿಸಿ, ಯುಗಾದಿ ಕಳೆದು, ಮೇ ತಿಂಗಳ ಒಂದು ಮದುವೆಯನ್ನೂ ನೋಡಿಕೊಂಡು ಹೊರಡುವ ಹಿರಿಯರು ತಮಗೇ ಗೊತ್ತಿಲ್ಲದೆ ಆ ಆರು ತಿಂಗಳ ಗೆರೆಯನ್ನು ದಾಟಿರುತ್ತಾರೆ. ಪಾಸ್‌ಪೋರ್ಟಿನ ಮೊಹರುಗಳನ್ನು ಮುಂದಿಟ್ಟುಕೊಂಡು ಪ್ರತಿ ಪ್ರಯಾಣದ ದಿನಗಳನ್ನು ಎಣಿಸಿ ಬರೆದಿಡುವುದು ಈ ಕಾರಣಕ್ಕೆ ಅಗತ್ಯ.

ಇನ್ನೊಂದು ಎಚ್ಚರಿಕೆ. ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕೇ ಎಂದು ಕೇಳುವುದುಂಟು. ಪ್ರಜೆಯಾಗುವ ಮೊದಲೇ ಅದಕ್ಕೆ ಒಪ್ಪಿ ಹೆಸರು ಸೇರಿಸಿಕೊಂಡರೆ, ಇನ್ನೂ ಮುಂದೆ ಹೋಗಿ ಮತ ಹಾಕಿದರೆ, ಅದು ಪೌರತ್ವವನ್ನಷ್ಟೇ ಅಲ್ಲ, ಗ್ರೀನ್ ಕಾರ್ಡನ್ನೂ ಕಳೆಯುವಷ್ಟು ಗಂಭೀರ ವಿಷಯ.

ತೇರ್ಗಡೆಯಾಗದಿದ್ದರೆ

ಮೊದಲ ಸಲ ಇಂಗ್ಲಿಷಿನಲ್ಲೋ ಇತಿಹಾಸದಲ್ಲೋ ಸೋತರೆ, 60ರಿಂದ 90 ದಿನಗಳ ಒಳಗೆ ಇನ್ನೊಂದು ಅವಕಾಶ ಕೊಡುತ್ತಾರೆ. ಸೋತ ಭಾಗವನ್ನು ಮಾತ್ರ ಮತ್ತೆ ಕೇಳುತ್ತಾರೆ. ಎರಡನೆಯ ಸಲವೂ ಆಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಪರೀಕ್ಷೆಯಲ್ಲಿ ಸೋತ ಮಾತ್ರಕ್ಕೆ ಗ್ರೀನ್ ಕಾರ್ಡ್ ಹೋಗುವುದಿಲ್ಲ. ಹೊಸದಾಗಿ ಶುಲ್ಕ ಕಟ್ಟಿ ಮತ್ತೆ ಅರ್ಜಿ ಹಾಕಬಹುದು. 2024ರ ಏಪ್ರಿಲ್‌ನಿಂದ ಆ ಶುಲ್ಕ ಆನ್‌ಲೈನ್ ಅರ್ಜಿಗೆ 710 ಡಾಲರ್, ಕಾಗದದ ಅರ್ಜಿಗೆ 760 ಡಾಲರ್ ಇದೆ.

ಬೇರೆ ದೇಶಗಳಲ್ಲಿ

ನಮ್ಮ ಮಕ್ಕಳು ಅಮೆರಿಕದಲ್ಲಿ ಮಾತ್ರ ಇಲ್ಲವಾದ್ದರಿಂದ ಇಷ್ಟನ್ನು ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಕಂಪ್ಯೂಟರಿನಲ್ಲಿ 24 ಪ್ರಶ್ನೆ, 45 ನಿಮಿಷ, 18 ಸರಿಯಾಗಬೇಕು. ಕೆನಡಾದಲ್ಲಿ 20ಕ್ಕೆ 15. 18ರಿಂದ 54 ವರ್ಷದವರಿಗೆ ಮಾತ್ರ ಪರೀಕ್ಷೆ, 55 ದಾಟಿದವರಿಗೆ ಇಲ್ಲ. ಆಸ್ಟ್ರೇಲಿಯಾದಲ್ಲಿ 20ಕ್ಕೆ 15 ಬಂದರಷ್ಟೇ ಸಾಲದು, ಆ ದೇಶದ ಮೌಲ್ಯಗಳ ಬಗೆಗಿನ 5 ಪ್ರಶ್ನೆಗಳಲ್ಲಿ ಐದೂ ಸರಿಯಾಗಬೇಕು. ಜರ್ಮನಿಯಲ್ಲಿ 310 ಪ್ರಶ್ನೆಗಳ ಪಟ್ಟಿಯಿಂದ 33 ಕೇಳುತ್ತಾರೆ, 17 ಸರಿಯಾದರೆ ಸಾಕು. ಭಾರತದ ಪೌರತ್ವ ಬಯಸುವ ಹೊರದೇಶದವರಿಗೆ ಇಂಥ ಪ್ರಶ್ನಾವಳಿ ಇಲ್ಲ; ಆದರೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳಲ್ಲಿ ಒಂದು ಸಾಕಷ್ಟು ಬರಬೇಕೆಂದು ಪೌರತ್ವ ಕಾಯಿದೆ ಹೇಳುತ್ತದೆ, ಮತ್ತು ಆ 22 ಭಾಷೆಗಳಲ್ಲಿ ಕನ್ನಡವೂ ಒಂದು.

ಪ್ರಮಾಣವಚನದ ನಂತರ: ಪಾಸ್‌ಪೋರ್ಟು ಮತ್ತು ತೋಟ

ಪರೀಕ್ಷೆ ಪಾಸಾದ ಕೂಡಲೇ ಯಾರೂ ಅಮೆರಿಕದ ಪ್ರಜೆಯಾಗುವುದಿಲ್ಲ. ನಿಷ್ಠೆಯ ಪ್ರಮಾಣವಚನ ಸ್ವೀಕರಿಸಿದ ಆ ಗಳಿಗೆಯಲ್ಲಿ ಆಗುತ್ತಾರೆ, ಅದೇ ಗಳಿಗೆಯಲ್ಲಿ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ನಮ್ಮ ದೇಶ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯಿದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ತಾನಾಗಿಯೇ ಹೋಗುತ್ತದೆ. ಆಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವಂತಿಲ್ಲ. ಅದನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಇಲ್ಲಿನ ಮತದಾರರ ಪಟ್ಟಿಯಿಂದ ಹೆಸರನ್ನೂ ತೆಗೆಸಬೇಕು.

ಊರಿಗೆ ವೀಸಾ ಇಲ್ಲದೆ ಬಂದುಹೋಗಲು ಒಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್, ಪಡೆಯಬಹುದು. ಹೆಸರಿನಲ್ಲಿ ನಾಗರಿಕ ಎಂದಿದ್ದರೂ ಅದು ಪೌರತ್ವವಲ್ಲ. ಮತದಾನವಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಅದು ರಾಜ್ಯದ ಕಾಯಿದೆ. ಈ ನಿರ್ಬಂಧ ಕೇಂದ್ರದ ವಿದೇಶಿ ವಿನಿಮಯ ನಿಯಮಗಳದು, ಅದು ಹಾಗೆಯೇ ಇದೆ, ಹೊರದೇಶದಲ್ಲಿ ನೆಲೆಸಿದ ಭಾರತೀಯ ಪ್ರಜೆಗಳಿಗೂ ಅನ್ವಯಿಸುತ್ತದೆ. ಆದರೆ ವಾರಸಾಗಿ ಬಂದ ತೋಟವನ್ನು ಒಸಿಐ ಕಾರ್ಡಿನವರು ಪಡೆದು ಇಟ್ಟುಕೊಳ್ಳಬಹುದು. ಭಾರತದಲ್ಲಿ ನೆಲೆಸಿದ್ದ ಕಾಲದಲ್ಲಿ ತಮ್ಮ ಹೆಸರಿಗೆ ಬಂದ ಜಮೀನನ್ನೂ ಉಳಿಸಿಕೊಳ್ಳಬಹುದು.

ಈ ಭಾಗವನ್ನು ಮೊನ್ನೆ ಫೋನಿನಲ್ಲಿ ಓದಿ ಹೇಳಿದಾಗ ಅಕ್ಕಯ್ಯ ಇಪ್ಪತ್ತು ಪ್ರಶ್ನೆಗಳನ್ನು ಬಿಟ್ಟು ತಾನೇ ನನಗೊಂದು ಪ್ರಶ್ನೆ ಹಾಕಿದಳು. ಅಪ್ಪಯ್ಯ ಅವಳ ಪಾಲಿಗೆಂದು ಬಿಟ್ಟ ಹಳ್ಳದ ಪಕ್ಕದ ಒಂದು ಎಕರೆ ಅಡಿಕೆ ತೋಟ, ಅವಳು ಹೊರಡುವ ಮೊದಲು ಅವಳ ಹೆಸರಿಗೆ ಖಾತೆಯಾಗಿತ್ತೋ ಇಲ್ಲವೋ ಎಂದು. ನನಗೂ ಖಚಿತವಿರಲಿಲ್ಲ. ಸೋಮವಾರ ನಾಡಕಚೇರಿಗೆ ಹೋಗಿ ಪಹಣಿ ತೆಗೆಸುತ್ತೇನೆ.